ಬಲಗೈ ಹೊರಗಿನದು, ಎಡಗೈ ಒಳಗಿನದು

28 ಮಾರ್ಚ್ 2020, ಶನಿವಾರ, ರಾತ್ರಿ

ಸಂಜೆ ಚಿಕ್ಕಮ್ಮನ ಫೋನು, ಕೊರೋನಾ ವೈರಸ್ಸಿನ ಭಯಕ್ಕೆ ಮನೆಯೆಲ್ಲ ಒರೆಸುತ್ತಿದ್ದಾರೆ. "ಬರೀ ಬ್ಲೀಚ್ ಸಾಲದು ಅನ್ನಿಸ್ತು ಕಣೇ, ನೆಲ ಒರೆಸೋ ನೀರಿಗೆ ಟಾಯ್ಲೆಟ್ ಕ್ಲೀನರ್ ಕೂಡ ಒಂದು ಮುಚ್ಚಳ ಹಾಕೋಣ ಅಂತಿದೀನಿ" ಅಂದರು. ನಾನು ಕೂಗಿಯೇಬಿಟ್ಟೆ. ಟಾಯ್ಲೆಟ್ ಕ್ಲೀನರುಗಳಲ್ಲಿ ಸಾಮಾನ್ಯವಾಗಿ ಆಸಿಡ್ ಇರುತ್ತದೆ. ಅದು ಬ್ಲೀಚಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಮುಚ್ಚಿದ ಬಚ್ಚಲಲ್ಲಂತೂ ಉಸಿರೇ ಕಟ್ಟುತ್ತದೆ. ವಿನೆಗರ್ ಸೇರಿಸಿದರೂ ಅದೇ ಕಥೆ. ಎರಡು ಸೇರಿದರೆ ಶಕ್ತಿ ಕೂಡುತ್ತೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

"ಹಾಗಾದ್ರೆ ಬ್ಲೀಚ್ ಎಷ್ಟು ಹಾಕ್ಲಿ?" ಅಂದರು. ಬಾಟಲಿಯ ಮೇಲೆ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚಿನ ಮುಖ್ಯ ರಾಸಾಯನಿಕ) ಶೇಕಡಾ 5 ಅಂತಿದ್ದರೆ ಒಂದು ಲೀಟರ್ ನೀರಿಗೆ 20 ಮಿ.ಲೀ., ಅಂದರೆ ನಾಲ್ಕು ಟೀ ಚಮಚ. ಅಲ್ಲಿಗೆ ಶೇಕಡಾ 0.1 ಆಯಿತು, ಬಾಗಿಲ ಚಿಲಕ, ಸ್ವಿಚ್ಚು, ನೆಲಕ್ಕೆ ಅಷ್ಟು ಸಾಕು. ಶೇಕಡಾ 4 ಅಂತಿದ್ದರೆ 25 ಮಿ.ಲೀ. ತಣ್ಣೀರೇ ಆಗಬೇಕು, ಬಿಸಿನೀರಲ್ಲಿ ಬ್ಲೀಚ್ ಬೇಗ ಒಡೆದುಹೋಗುತ್ತದೆ. ಇವತ್ತು ಕಲಸಿದ್ದು ಇವತ್ತಿಗೇ. ಮೊದಲು ಸೋಪುನೀರಲ್ಲಿ ಕೊಳೆ ತೆಗೆಯಬೇಕು, ಇಲ್ಲದಿದ್ದರೆ ಬ್ಲೀಚೆಲ್ಲ ಕೊಳೆಗೇ ಖರ್ಚಾಗುತ್ತದೆ. ಒರೆಸಿದ ಮೇಲೆ ಕೆಲವು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಸ್ವಿಚ್ಚಿಗೆ ಮಾತ್ರ ಚೆನ್ನಾಗಿ ಹಿಂಡಿದ ಬಟ್ಟೆ, ಸ್ಟೀಲಿನ ಮೇಲೆ ಕೊನೆಗೊಂದು ಸಲ ಬರೀ ನೀರು, ಇಲ್ಲದಿದ್ದರೆ ಚುಕ್ಕೆ ಏಳುತ್ತದೆ.

ಫೋನಿಟ್ಟ ಮೇಲೂ ಅದೇ ಯೋಚನೆ. ಎಲ್ಲರೂ ನೆಲ ತಿಕ್ಕುತ್ತಿದ್ದಾರೆ, ಆದರೆ ನೆಲ ಮೂಗಿಗೆ ಹೋಗಲ್ಲ, ಬೆರಳು ಹೋಗುತ್ತೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 26 ಮೆಡಿಕಲ್ ವಿದ್ಯಾರ್ಥಿಗಳನ್ನು ವಿಡಿಯೋದಲ್ಲಿ ಗಮನಿಸಿದ್ದರು. ಸರಾಸರಿ ಗಂಟೆಗೆ 23 ಸಲ ಮುಖ ಮುಟ್ಟಿಕೊಂಡಿದ್ದರಂತೆ. ಡಾಕ್ಟರಾಗುವವರ ಪಾಡೇ ಹೀಗೆ.

ಅದಕ್ಕೇ ಅಂಗಡಿಗೆ ಹೋಗುವಾಗ ಕೈಗಳನ್ನು ಪಾಲು ಮಾಡಿಬಿಡೋದು ಒಳ್ಳೇದು. ಬಲಗೈ ಹೊರಗಿನದು: ಬುಟ್ಟಿ, ದುಡ್ಡು, ಲಿಫ್ಟಿನ ಗುಂಡಿ, ಮೆಟ್ಟಿಲ ಕಂಬಿ. ಎಡಗೈ ಒಳಗಿನದು: ಮನೆ ಕೀಲಿ, ಕನ್ನಡಕ. ದುಡ್ಡು ಬಲಜೇಬಿಗೆ, ಕೀಲಿ ಎಡಜೇಬಿಗೆ. ಪಟ್ಟಿಯನ್ನು ಫೋನಲ್ಲಿ ಇಟ್ಟುಕೊಳ್ಳಲೇಬಾರದು. ಕಾಗದದ ಚೂರಲ್ಲಿ, ಅಂಗಡಿಯಲ್ಲಿ ಸಾಮಾನು ಜೋಡಿಸಿರುವ ಸಾಲಿನಲ್ಲೇ ಬರೆದುಕೊಂಡರೆ ಹಿಂದೆ ಮುಂದೆ ಓಡಾಟ ತಪ್ಪುತ್ತದೆ, ಬರುವಾಗ ಅಲ್ಲೇ ಎಸೆದರಾಯಿತು.

ಇಷ್ಟೆಲ್ಲ ಮಾಡಿದರೂ ಕೆಡುವ ಜಾಗ ಒಂದಿದೆ. ತರಕಾರಿ ಹಾಕುವ ತೆಳು ಪ್ಲಾಸ್ಟಿಕ್ ಕವರು! ಬಾಯಿ ಬಿಡಿಸೋಕೆ ಬರಲ್ಲ. ಎರಡು ಸಲ ಉಜ್ಜುತ್ತೇವೆ, ಮೂರನೇ ಸಲಕ್ಕೆ ಬೆರಳು ತಾನಾಗಿ ನಾಲಿಗೆಗೆ ಹೋಗಿರುತ್ತದೆ. ನೋಟು ಎಣಿಸುವವರ ಬೆರಳೂ ಅಷ್ಟೇ, ಎಂಜಲಿಲ್ಲದೆ ಮುಂದೆ ಹೋಗಲ್ಲ. ಕವರಿನ ಅಂಚನ್ನು ಎರಡೂ ಅಂಗೈ ನಡುವೆ ಇಟ್ಟು ರೊಟ್ಟಿ ಹಿಟ್ಟಿನ ಥರ ಹೊಸೆದರೆ ಬಿಟ್ಟುಕೊಳ್ಳುತ್ತದೆ. ಅಲ್ಲಿಗೆ ಎಡಗೈಯೂ ಹೊರಗಿನದಾಯಿತು ಅನ್ನಿ. ಬಟ್ಟೆಚೀಲ ಒಯ್ದರೆ ಈ ರಗಳೆಯೇ ಇಲ್ಲ.

ಮನೆಗೆ ಬಂದ ಮೇಲೆ ಚೀಲ ಬಾಗಿಲ ಪಕ್ಕ ನೆಲದ ಮೇಲೆ, ಮೇಜಿನ ಮೇಲಲ್ಲ. ನಲ್ಲಿಯನ್ನು ಮೊಣಕೈಯಲ್ಲಿ ತಿರುಗಿಸಲಾಗದಿದ್ದರೆ ಕೈಯ ನೊರೆಯನ್ನೇ ನಲ್ಲಿಯ ತಿರುಪಿಗೂ ಹಚ್ಚಿ ತೊಳೆಯಬೇಕು, ಇಲ್ಲದಿದ್ದರೆ ನಿಲ್ಲಿಸುವಾಗ ತೊಳೆದ ಕೈಗೆ ಮತ್ತೆ ಅದೇ ಅಂಟುತ್ತದೆ. ಸೋಪು ಹಚ್ಚಿ 20 ಸೆಕೆಂಡು ಉಜ್ಜೋದು ಎಲ್ಲರಿಗೂ ಗೊತ್ತಾಗಿದೆ, ಆದರೆ ಹೆಬ್ಬೆರಳ ಬುಡ, ಬೆರಳ ತುದಿ, ಕೈಯ ಹಿಂಭಾಗ ಬಿಟ್ಟುಹೋಗುತ್ತವೆ. ಈ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನೇ ಬಿಡಿಸಿ ಹಾಕುತ್ತದೆ. ಸಾಮಾನೆಲ್ಲ ಎತ್ತಿಟ್ಟ ಮೇಲೆ ಇನ್ನೊಂದು ಸಲ ಕೈತೊಳೆದರೆ ಮುಗಿಯಿತು.

ತರಕಾರಿಗೆ ಸೋಪು ಬೇಡ. ಹರಿಯುವ ನೀರು ಸಾಕು. ಸೋಪು ಉಳಿದುಕೊಂಡರೆ ಹೊಟ್ಟೆ ಕೆಡುತ್ತದೆ.

ಸ್ಯಾನಿಟೈಸರ್ ಸಿಗದವರು ಮನೆಯಲ್ಲೇ ಕಲಸುತ್ತಿದ್ದಾರೆ. ಎರಡು ಪಾಲು ಆಲ್ಕೋಹಾಲು, ಒಂದು ಪಾಲು ಲೋಳೆಸರದ ಜೆಲ್. ಆಲ್ಕೋಹಾಲು ಶೇಕಡಾ 99ರದ್ದಾದರೆ ಕಲಸಿದ್ದು 66ಕ್ಕೆ ನಿಲ್ಲುತ್ತದೆ, ಸರಿ. ಆದರೆ ಹೆಚ್ಚಿನವರ ಕೈಯಲ್ಲಿರೋದು 70ರ ಬಾಟಲಿ, ಅದರಲ್ಲಿ ಕಲಸಿದರೆ 47ಕ್ಕೆ ಇಳಿಯುತ್ತದೆ. ಕನಿಷ್ಠ 60 ಬೇಕು. ಸೋಪಿದ್ದಲ್ಲಿ ಅದರ ಗೊಡವೆಯೇ ಬೇಡ.

ಈ ವೈರಸ್ಸು ಪ್ಲಾಸ್ಟಿಕ್ ಮೇಲೆ 72 ಗಂಟೆ ಬದುಕುತ್ತಂತೆ ಅಂತ ಎಲ್ಲರ ಬಾಯಲ್ಲೂ ಇದೆ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಇದೇ ತಿಂಗಳ 17ಕ್ಕೆ ಬಂದಿರುವ ಲೆಕ್ಕ ಅದು. ಆದರೆ ಅದೇ ಬರಹದ ಪ್ರಕಾರ ಪ್ಲಾಸ್ಟಿಕ್ ಮೇಲೆ ಪ್ರತಿ ಏಳು ಗಂಟೆಗೆ ಹೆಚ್ಚುಕಡಿಮೆ ಅರ್ಧ ಸಾಯುತ್ತದೆ. ರಟ್ಟಿನ ಮೇಲೆ 24 ಗಂಟೆ ಆದಮೇಲೆ ಜೀವಂತ ವೈರಸ್ ಸಿಕ್ಕಿಲ್ಲ. ಹಾಗಾಗಿ ಅವಸರವಿಲ್ಲದ ಪೊಟ್ಟಣಗಳನ್ನು ಮೂಲೆಯಲ್ಲಿ ಬಿಟ್ಟರೆ ಸಾಕು, ಒಂದೊಂದನ್ನೂ ಕೂತು ಒರೆಸಬೇಕಿಲ್ಲ.

ಫೋನಿನದೇ ಕಷ್ಟ. ಜೇಬಲ್ಲಿ ಗುನುಗಿದರೆ ಯಾವ ಕೈ ಹೋಗುತ್ತೆ ಅಂತ ಹೇಳೋಕಾಗಲ್ಲ, ತಗೊಂಡು ನೇರ ಕೆನ್ನೆಗೆ ಒತ್ತಿಕೊಳ್ಳೋದು ಬೇರೆ. ಶೇಕಡಾ 70ರ ಆಲ್ಕೋಹಾಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಬಹುದು, ತೂತುಗಳಿಗೆ ಹನಿ ಇಳಿಯಬಾರದು ಅಷ್ಟೇ. ಮನೆಯಲ್ಲೇ ಬಿಟ್ಟು ಹೋದರೆ ಇನ್ನೂ

ಚಿಕ್ಕಮ್ಮ ಮತ್ತೆ ಫೋನ್ ಮಾಡ್ತಿದಾರೆ. ಆ ಬಕೆಟ್ ಚೆಲ್ಲಿದ್ರೋ ಇಲ್ವೋ