ನಾಸ್ತಿಕರೋ, ‘ಗೊತ್ತಿಲ್ಲ’ ಎನ್ನುವವರೋ?

ಉಡುಪಿಯಲ್ಲಿ ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತಿರುವಾಗ, ಸಾರು ಮುಗಿದು ಪಾಯಸ ಬರುವುದರ ನಡುವಿನ ಬಿಡುವಿನಲ್ಲಿ, ಪಕ್ಕದ ಎಲೆಯವರು ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: “ನೀವೆಂತ, ನಾಸ್ತಿಕರಾ ಮಾರಾಯ್ರೇ?” ಹಿಂದೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಈಗ ಓದಿಕೊಂಡ ಎಳೆಯರು ಇನ್ನಷ್ಟು ಸೇರಿಸುತ್ತಾರೆ: “ದೇವರಿಲ್ಲ ಎನ್ನುವುದಕ್ಕಿಂತ ಗೊತ್ತಿಲ್ಲ ಎನ್ನುವುದೇ ಹೆಚ್ಚು ತರ್ಕಬದ್ಧ ಅಲ್ಲವಾ ಸರ್? ಇಲ್ಲ ಎನ್ನಲಿಕ್ಕೆ ಆಧಾರ ಎಂತ ಉಂಟು?” ಪಾಯಸ ಬರುವಷ್ಟರಲ್ಲಿ ಇದಕ್ಕೆ ಉತ್ತರ ಹೇಳಿ ಮುಗಿಸಲಾಗದು, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತೊಡಕು ‘ನಾಸ್ತಿಕ’ ಎಂಬ ಪದದಲ್ಲಿಯೇ ಇದೆ. ‘ನಾಸ್ತಿಕೋ ವೇದನಿಂದಕಃ’ ಎಂದು ಮನುಸ್ಮೃತಿ ಹೇಳುತ್ತದೆ. ಅಂದರೆ ಹಳೆಯ ಲೆಕ್ಕದಲ್ಲಿ ನಾಸ್ತಿಕನೆಂದರೆ ದೇವರನ್ನು ಒಪ್ಪದವನಲ್ಲ, ವೇದವನ್ನು ಒಪ್ಪದವನು. ಹಾಗಾಗಿಯೇ ಜಗತ್ತಿಗೆ ಒಬ್ಬ ಕರ್ತೃ ಇದ್ದಾನೆಂಬ ವಾದವನ್ನು ಶ್ಲೋಕವಾರ್ತಿಕದಲ್ಲಿ ಕಟುವಾಗಿ ಖಂಡಿಸಿದರೂ ವೇದವನ್ನು ಒಪ್ಪಿದ ಮೀಮಾಂಸಕ ಕುಮಾರಿಲ ಭಟ್ಟ ಆಸ್ತಿಕರ ಸಾಲಿನಲ್ಲಿ ಕುಳಿತಿದ್ದಾನೆ, ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಜೈನರು ನಾಸ್ತಿಕರ ಸಾಲಿಗೆ ಸೇರಿದ್ದಾರೆ. ಇಬ್ಬರೂ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಈ ಗೊಂದಲ ಬೇಡವೆಂದು, ದೇವರಿಲ್ಲ ಎನ್ನುವ ನಿಲುವನ್ನು ಇಲ್ಲಿ ನಿರೀಶ್ವರವಾದವೆಂದೂ, ಇದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವ ನಿಲುವನ್ನು ಅಜ್ಞೇಯವಾದವೆಂದೂ ಕರೆಯುತ್ತೇನೆ.

ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ‘ಆಗ್ನಾಸ್ಟಿಸಿಸಂ’ ಎಂಬ ಹೆಸರು ಹುಟ್ಟಿದ್ದು ತೀರಾ ಈಚೆಗೆ. ಡಾರ್ವಿನ್ನನ ಪರವಾಗಿ ಕಾದಾಡಿದ ಜೀವವಿಜ್ಞಾನಿ ಟಿ. ಎಚ್. ಹಕ್ಸ್‌ಲಿ 1869ರಲ್ಲಿ ‘ಆಗ್ನಾಸ್ಟಿಕ್’ ಎಂಬ ಪದವನ್ನು ಕಟ್ಟಿದ. ಲಂಡನ್ನಿನ ತತ್ತ್ವಶಾಸ್ತ್ರ ಸಂಘವೊಂದರಲ್ಲಿ ಸುತ್ತ ಕುಳಿತವರೆಲ್ಲರಿಗೂ ಒಂದೊಂದು ‘ವಾದಿ’ ಎಂಬ ಬಾಲವಿದ್ದು ತನಗೊಬ್ಬನಿಗೇ ಇಲ್ಲವಾದಾಗ, ಬೋನಿನಲ್ಲಿ ಬಾಲ ಕಳೆದುಕೊಂಡ ನರಿಯಂತೆ ತನಗೆ ಮುಜುಗರವಾಯಿತೆಂದು ಅವನೇ ಆಮೇಲೆ ಬರೆದುಕೊಂಡಿದ್ದಾನೆ. ಆದರೆ ಅವನಿಗೆ ಅದು ನಡುದಾರಿಯ ಮತವಾಗಿರಲಿಲ್ಲ, ಒಂದು ಶಿಸ್ತಾಗಿತ್ತು: ಬುದ್ಧಿ ಕರೆದೊಯ್ಯುವಷ್ಟು ದೂರ ಅಂಜದೆ ಹೋಗಬೇಕು, ಸಾಬೀತಾಗದ್ದನ್ನು ಸಾಬೀತಾಗಿದೆಯೆಂದು ಹೇಳಬಾರದು. ಈ ಶಿಸ್ತಿನ ಮೊದಲರ್ಧವನ್ನು ಇಂದಿನ ಅಜ್ಞೇಯವಾದಿಗಳಲ್ಲಿ ಹಲವರು ಮರೆತಿದ್ದಾರೆಂಬುದು ನನ್ನ ದೂರು. ಬುದ್ಧನ ಕಾಲದಲ್ಲಿಯೂ ಅಂಥವರಿದ್ದರು. ಪರಲೋಕವಿದೆಯೇ ಎಂದರೆ ಹೌದೆನ್ನದ, ಅಲ್ಲವೆನ್ನದ, ಹೌದೂ ಅಲ್ಲ ಅಲ್ಲವೂ ಅಲ್ಲ ಎಂಬುದನ್ನೂ ಒಪ್ಪದ ಸಂಜಯ ಬೇಲಟ್ಠಿಪುತ್ತನಂಥವರನ್ನು ಬೌದ್ಧ ವ್ಯಾಖ್ಯಾನಕಾರರು ಕೈಗೆ ಸಿಗದೆ ಜಾರುವ ಮೀನಿಗೆ ಹೋಲಿಸಿದರು. ಕರಾವಳಿಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಂಬಿಕೆ ಬೇರೆ, ತಿಳಿವು ಬೇರೆ. ಆದ್ದರಿಂದ ಒಬ್ಬನೇ ‘ನಾನು ನಂಬುವುದಿಲ್ಲ’ ಎಂದೂ ‘ಖಚಿತವಾಗಿ ತಿಳಿದಿಲ್ಲ’ ಎಂದೂ ಹೇಳಬಹುದು ಎಂಬ ಉತ್ತರ ಈಗ ಬಹಳ ಚಾಲ್ತಿಯಲ್ಲಿದೆ. ಅದು ಸರಿಯೇ, ಆದರೆ ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಯಾವುದು ಹೆಚ್ಚು ತರ್ಕಬದ್ಧ ಎಂಬುದಕ್ಕೆ ಆಧಾರ ನಮ್ಮ ಪ್ರಮಾಣಶಾಸ್ತ್ರದಲ್ಲಿಯೇ, ಎಂದರೆ ಯಾವುದನ್ನು ಹೇಗೆ ತಿಳಿಯಬಹುದೆಂದು ವಿಚಾರಿಸುವ ಶಾಸ್ತ್ರದಲ್ಲಿಯೇ, ಇದೆಯೆಂದು ನನಗೆ ತೋರುತ್ತದೆ.

ಇಲ್ಲದ್ದನ್ನು ಇಲ್ಲವೆಂದು ನಾವು ತಿಳಿಯುವುದು ಹೇಗೆ ಎಂದು ಕೇಳಿಕೊಂಡ ಭಾಟ್ಟ ಮೀಮಾಂಸಕರು (ಕುಮಾರಿಲ ಭಟ್ಟನ ಅನುಯಾಯಿಗಳು) ಅನುಪಲಬ್ಧಿಯನ್ನು, ಎಂದರೆ ಕಾಣದಿರುವುದನ್ನು, ಒಂದು ಪ್ರತ್ಯೇಕ ಪ್ರಮಾಣವಾಗಿಯೇ ಒಪ್ಪಿದರು. ನೈಯಾಯಿಕರು, ಎಂದರೆ ನ್ಯಾಯಶಾಸ್ತ್ರದ ತಾರ್ಕಿಕರು, ಪ್ರತ್ಯೇಕ ಪ್ರಮಾಣವೆಂದು ಒಪ್ಪಲಿಲ್ಲವಾದರೂ ಅದರ ಕಟ್ಟಳೆಯನ್ನು ಒಪ್ಪಿದರು. ಕಟ್ಟಳೆಯೆಂದರೆ ಯೋಗ್ಯತೆ: ವಸ್ತು ಅಲ್ಲಿ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂತಿರಬೇಕು, ಹಾಗಿದ್ದೂ ಕಾಣದಿರಬೇಕು. ಹಗಲು ಹೊತ್ತು ಚಾವಡಿಯನ್ನು ನೋಡಿ ಇಲ್ಲಿ ಕೊಡಪಾನ ಇಲ್ಲವೆಂದು ಹೇಳುವವನು ಊಹೆ ಮಾಡುತ್ತಿಲ್ಲ. ಅವನಿಗೆ ಅದು ತಿಳಿದಿದೆ. ಕತ್ತಲೆಯ ಅಟ್ಟದಲ್ಲಿ ಒಂದು ಕಾಳುಮೆಣಸು ಬಿದ್ದಿಲ್ಲವೆಂದು ಬಾಗಿಲಲ್ಲಿ ನಿಂತು ಹೇಳುವವನಿಗೆ ಏನೂ ತಿಳಿದಿಲ್ಲ. ಪಿಶಾಚಿ ಕಣ್ಣಿಗೆ ಕಾಣುವ ವಸ್ತುವೇ ಅಲ್ಲವೆಂದು ಒಪ್ಪಿಕೊಂಡ ಮೇಲೆ, ಕಾಣಲಿಲ್ಲವೆಂಬ ಕಾರಣಕ್ಕೆ ಅದು ಇಲ್ಲವೆನ್ನುವಂತಿಲ್ಲ ಎಂಬುದೂ ಆ ಶಾಸ್ತ್ರದ್ದೇ ಉದಾಹರಣೆ. ‘ಸಾಕ್ಷಿ ಇಲ್ಲದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಲ್ಲ’ ಎಂದು ಮದುವೆಮನೆಯ ಎಳೆಯರು ಹೇಳುವ ಮಾತು ಅಟ್ಟದ ಮೆಣಸಿಗೆ ಸಲ್ಲುತ್ತದೆ, ಚಾವಡಿಯ ಕೊಡಪಾನಕ್ಕೆ ಸಲ್ಲುವುದಿಲ್ಲ.

ಹಾಗಾದರೆ ದೇವರು ಕೊಡಪಾನವೋ, ಪಿಶಾಚಿಯೋ? ಈ ಮಾತು ಒರಟಾಗಿ ಕೇಳಿಸಿದರೆ ಕ್ಷಮೆಯಿರಲಿ, ಉದಾಹರಣೆಗಳು ಶಾಸ್ತ್ರಕಾರರವೇ. ಉತ್ತರವೆಂದರೆ, ಯಾವ ದೇವರು ಎಂಬುದನ್ನು ನೋಡಬೇಕು. ನಮ್ಮೂರಿನಲ್ಲಿ ಹೆಚ್ಚಿನವರು ‘ದೇವರು’ ಎನ್ನುವಾಗ ಮನಸ್ಸಿನಲ್ಲಿರುವುದು ಹರಕೆಗೆ ಒಲಿಯುವ, ಮೇ ತಿಂಗಳಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ಇಳಿದಾಗ ಮಳೆ ತರಿಸುವ, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಕಾಯುವ ದೇವರು. ಅಂಥ ದೇವರಿದ್ದರೆ ಅದರ ಗುರುತು ಲೋಕದಲ್ಲಿ ಕಾಣಬೇಕು. ಹಾಗೆ ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದ ರೋಗಿಗಳ ಪೈಕಿ, ಪ್ರಾರ್ಥನೆ ಸಂದವರಲ್ಲಿ 52 ಶೇಕಡ, ಸಲ್ಲದವರಲ್ಲಿ 51 ಶೇಕಡ ಮಂದಿಗೆ ತೊಡಕುಗಳಾದವು. ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದವರಲ್ಲಿ ಅದು 59 ಶೇಕಡ. ಇದೊಂದೇ ಅಧ್ಯಯನದಿಂದ ಎಲ್ಲವೂ ತೀರ್ಮಾನವಾಯಿತೆಂದು ನಾನು ಹೇಳುವುದಿಲ್ಲ. ಆದರೆ ಕಾಣಬೇಕಾದಲ್ಲಿ ಕಾಣದಿರುವುದು ಹೀಗೆಯೇ ಕೂಡುತ್ತಾ ಹೋಗುತ್ತದೆ, ಮತ್ತು ಈ ದೇವರ ವಿಷಯದಲ್ಲಿ ‘ಇಲ್ಲ’ ಎನ್ನುವುದೇ ತರ್ಕಬದ್ಧವಾದ ಉತ್ತರ. ಇಲ್ಲಿ ‘ಗೊತ್ತಿಲ್ಲ’ ಎನ್ನುವುದು ವಿನಯವಲ್ಲ, ದಾಕ್ಷಿಣ್ಯ.

ಆಗ ಎದುರಿನವರು ಹೇಳುತ್ತಾರೆ: “ದೇವರು ಪರೀಕ್ಷೆಗೆ ಕೂರುವವನಲ್ಲ.” ಒಪ್ಪುತ್ತೇನೆ. ಆದರೆ ಆ ಮಾತಿನೊಂದಿಗೆ ಚರ್ಚೆ ಚಾವಡಿಯಿಂದ ಅಟ್ಟಕ್ಕೆ ಹೋಗುತ್ತದೆ. ಲೋಕದಲ್ಲಿ ಯಾವ ಗುರುತನ್ನೂ ಬಿಡದ ದೇವರ ವಿಷಯದಲ್ಲಿ ಅಜ್ಞೇಯವಾದ ಸರಿಯಾದ ನಿಲುವೇ. ಅದಕ್ಕೆ ಖರ್ಚೂ ಇಲ್ಲ, ಅದರಿಂದ ಹುಟ್ಟುವಳಿಯೂ ಇಲ್ಲ. ಭೂಮಿಗೂ ಮಂಗಳಗ್ರಹಕ್ಕೂ ನಡುವೆ ದೂರದರ್ಶಕಕ್ಕೂ ಕಾಣದಷ್ಟು ಸಣ್ಣ ಚಹಾದ ಕುಂಡಿಕೆಯೊಂದು ಸೂರ್ಯನನ್ನು ಸುತ್ತುತ್ತಿದೆಯೆಂದರೆ ಯಾರೂ ಅಲ್ಲಗಳೆಯಲಾರರು ಎಂದು 1952ರಲ್ಲಿ ಬರೆದ ಬರ್ಟ್ರಂಡ್ ರಸೆಲ್, ತತ್ತ್ವಜ್ಞರೆದುರು ತಾನು ಅಜ್ಞೇಯವಾದಿಯೆಂದೂ ಬೀದಿಯ ಸಾಮಾನ್ಯನೆದುರು ನಿರೀಶ್ವರವಾದಿಯೆಂದೂ ಹೇಳಿಕೊಳ್ಳಬೇಕಾಗುತ್ತದೆ ಎಂದದ್ದು ಇದೇ ಕಾರಣಕ್ಕೆ. ಅಲ್ಲಗಳೆಯಲಾಗದು ಎಂದಮಾತ್ರಕ್ಕೆ ಇರುವ ಇಲ್ಲದಿರುವ ಸಾಧ್ಯತೆಗಳು ಸಮಸಮವಾಗುವುದಿಲ್ಲ.

ಇಷ್ಟನ್ನೂ ನಾನು ಒಮ್ಮೆ, ಸಂಸ್ಕೃತ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರ ಕಲಿಸಿ ನಿವೃತ್ತರಾದ ಹಿರಿಯರೊಬ್ಬರ ಮುಂದೆ ಹೇಳಿದೆ. ಅವರಿಗೆ ಕೋಪ ಬರಲಿಲ್ಲ. ವಿಷ್ಣುತತ್ತ್ವವಿನಿರ್ಣಯದ ಮೊದಲ ಶ್ಲೋಕದಲ್ಲಿಯೇ ಮಧ್ವಾಚಾರ್ಯರು ನಾರಾಯಣನನ್ನು ‘ಸದಾಗಮೈಕವಿಜ್ಞೇಯ’, ಸದಾಗಮದಿಂದ (ವೇದಾದಿ ಶಾಸ್ತ್ರಗಳಿಂದ) ಮಾತ್ರ ತಿಳಿಯತಕ್ಕವನು, ಎಂದಿದ್ದಾರಲ್ಲ ಎಂದರು. ಬರಿಯ ಅನುಮಾನದಿಂದ, ಎಂದರೆ ತರ್ಕದ ಊಹೆಯಿಂದ, ದೇವರು ಸಿದ್ಧಿಸುವುದಿಲ್ಲವೆಂದು ನೀವು ಈಗ ಹೇಳುತ್ತಿರುವುದು ಈ ಊರಿಗೆ ಹೊಸತೇನಲ್ಲ ಎಂದರು. ಅನಂತರ ಅವರು ಹಾಕಿದ ಪಟ್ಟು ಬೇರೆ: “ಯೋಗ್ಯತೆ ವಸ್ತುವಿಗೆ ಮಾತ್ರ ಸಾಕಾ? ನೋಡುವವನಿಗೂ ಬೇಡವಾ? ಕುರುಡ ಚಾವಡಿಯಲ್ಲಿ ನಿಂತು ಕೊಡಪಾನ ಇಲ್ಲ ಎಂದರೆ ನೀವು ಒಪ್ಪುತ್ತೀರಾ?”

ಇದು ನಾನು ಕೇಳಿದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು. ಕಣ್ಣುಳ್ಳ ಹತ್ತು ಮಂದಿಯನ್ನು ಬೇರೆ ಬೇರೆಯಾಗಿ ಕೇಳಿದರೆ ಕೊಡಪಾನ ಎಲ್ಲಿದೆಯೆಂದು ಹತ್ತೂ ಮಂದಿ ಒಂದೇ ಮೂಲೆಯನ್ನು ತೋರಿಸುತ್ತಾರೆ, ಅದರಿಂದ ಕುರುಡನಿಗೂ ಭರವಸೆ ಹುಟ್ಟುತ್ತದೆ. ಆದರೆ ಮಂಗಳೂರಿನಲ್ಲಿಯೇ ಕದ್ರಿ ದೇವಸ್ಥಾನದಲ್ಲಿ, ಮಿಲಾಗ್ರಿಸ್ ಇಗರ್ಜಿಯಲ್ಲಿ, ಬಂದರಿನ ಮಸೀದಿಯಲ್ಲಿ ಕಂಡೆವೆನ್ನುವವರು ತೋರಿಸುವ ಮೂಲೆಗಳು ಬೇರೆ ಬೇರೆ ಎಂದೆ. “ಎಲ್ಲರದ್ದೂ ಸರಿಯಾಗಲಿಕ್ಕಿಲ್ಲ, ಒಬ್ಬರದ್ದು ಸರಿ ಇರಬಹುದಲ್ಲ?” ಎಂದರು. ಇರಬಹುದು. ಯಾರದೆಂದು ಕೇಳಿದರೆ ಅವರು ಆಗಮಕ್ಕೆ ಹೋಗುತ್ತಾರೆ, ನಾನು ಹೋಗಲಾರೆ. ಆ ಒಂದು ‘ಇರಬಹುದು’ ಎಂಬಲ್ಲಿ ಮಾತ್ರ, ಹುಸಿ ದಾಕ್ಷಿಣ್ಯವಿಲ್ಲದೆ, ನಾನು ‘ಗೊತ್ತಿಲ್ಲ’ ಎನ್ನುತ್ತೇನೆ.