ದಾಯ್ ಜನರ ನಾಡು ಸಿಶ್ವಾಂಗ್‌ಬನ್ನಾ: ಅಮ್ಮನ ಜೊತೆ ಐದು ದಿನ, ಹೋಗೋರಿಗೆ ಒಂದಷ್ಟು ಮಾತು

ಚೀನಾ ಅಂದ್ರೆ ಎಲ್ಲಾ ಕಡೆ ಒಂದೇ ಭಾಷೆ ಅಂತ ನಾನೂ ಅಂದ್ಕೊಂಡಿದ್ದೆ. ಚೀನಾದ ದಕ್ಷಿಣದ ಯುನ್ನಾನ್ ಪ್ರಾಂತ್ಯದ ರಾಜಧಾನಿ ಕುನ್ಮಿಂಗ್‌ನಲ್ಲಿ ಹತ್ತು ಯುವಾನ್ ನೋಟು ಕೈಗೆ ಸಿಕ್ಕಾಗ ಅಮ್ಮ ತಿರುಗಿಸಿ ನೋಡಿದ್ರು, ಹಿಂದ್ಗಡೆ ಮಂಗೋಲಿಯನ್, ಟಿಬೆಟನ್, ಉಯ್ಗುರ್, ಝುವಾಂಗ್ ಭಾಷೆಯಲ್ಲೂ ಬರೆದಿದೆ, "ನಮ್ಮ ನೋಟಲ್ಲಿ ಕನ್ನಡ ಇರೋ ಹಾಗೇ ಅಲ್ವಾ" ಅಂದ್ರು. ಅಲ್ಲಿನ ಸರ್ಕಾರ ಗುರುತಿಸಿರೋ ಜನಾಂಗಗಳು ಒಟ್ಟು 56, ಅದ್ರಲ್ಲಿ ಬಹುಸಂಖ್ಯಾತರಾದ ಹಾನ್ ಬಿಟ್ಟು 55, ಕೊನೇದಾಗಿ 1979ರಲ್ಲಿ ಪಟ್ಟಿಗೆ ಸೇರಿದ ಜಿನೋ ಜನ ನಾವು ಹೋದ ಜಿಂಗ್‌ಹಾಂಗ್, ಅಂದ್ರೆ ಇದೇ ಪ್ರಾಂತ್ಯದ ಸಿಶ್ವಾಂಗ್‌ಬನ್ನಾದ ಮುಖ್ಯ ಪಟ್ಟಣ, ಅದರ ಪಕ್ಕದ ಗುಡ್ಡದಲ್ಲೇ ಇರೋದು.

ಮೊದಲು ವೀಸಾ. ಟ್ರಾನ್ಸಿಟ್‌ನಲ್ಲಿ ವೀಸಾ ಇಲ್ಲದೆ ಹತ್ತು ದಿನ ಇರಬಹುದು ಅಂತ ವಿಡಿಯೋಗಳಲ್ಲಿ ಹೇಳ್ತಾರಲ್ಲ, ಅದು ನಮ್ಮ ಪಾಸ್‌ಪೋರ್ಟ್‌ಗೆ ಇಲ್ಲ, ಟೂರಿಸ್ಟ್ ವೀಸಾ ಮಾಡಿಸ್ಕೊಂಡೇ ಹೋಗಿ. ನಾವು ಬ್ಯಾಂಕಾಕ್ ಮೇಲೆ ಕುನ್ಮಿಂಗ್‌ಗೆ ಹೋಗಿ ಅಲ್ಲಿಂದ ಜಿಂಗ್‌ಹಾಂಗ್‌ಗೆ ಟ್ರೈನ್ ಹಿಡಿದ್ವಿ, 2021ರ ಡಿಸೆಂಬರ್‌ನಲ್ಲಿ ಶುರುವಾದ ಲಾವೋಸ್ ಲೈನು, ಮೂರು ಮೂರೂವರೆ ಗಂಟೆ, ದಾರಿಯುದ್ದ ಸುರಂಗ. ಪಾಸ್‌ಪೋರ್ಟೇ ಟಿಕೆಟ್ಟು, ಕೈಯಲ್ಲೇ ಇಟ್ಕೊಳ್ಳಿ. ದುಡ್ಡು ಕೊಡೋಕೆ ಅಲ್ಲಿ ಬಳಸೋ ಆ್ಯಪ್ ಅಲಿಪೇಗೆ ನಿಮ್ಮ ಕಾರ್ಡನ್ನ ಊರಲ್ಲಿದ್ದಾಗ್ಲೇ ಸೇರಿಸಿ, ಇಂಟರ್‌ನ್ಯಾಷನಲ್ ಪೇಮೆಂಟ್ ಆನ್ ಮಾಡಿಸಿ, ಯಾಕಂದ್ರೆ ಓಟಿಪಿ ಬರೋದು ಇಲ್ಲಿನ ನಂಬರಿಗೆ. ಗೂಗಲ್, ವಾಟ್ಸಾಪ್ ಅಲ್ಲಿನ ವೈಫೈಯಲ್ಲಿ ಬರಲ್ಲ, ರೋಮಿಂಗ್ ಹಾಕ್ಸಿದ್ರೆ ಬರುತ್ತೆ. ಮೊದಲ ರಾತ್ರಿ ಒಂದು ಸಣ್ಣ ಗೆಸ್ಟ್‌ಹೌಸ್‌ನವರು ಫಾರಿನರ್ ರಿಜಿಸ್ಟ್ರೇಷನ್ ನಮಗೆ ಮಾಡಕ್ಕೆ ಬರಲ್ಲ ಅಂತ ವಾಪಸ್ ಕಳಿಸಿದ್ರು, ಒಂಬತ್ತು ಗಂಟೆಗೆ ಅಮ್ಮನ್ನ ಕರ್ಕೊಂಡು ಬೇರೆ ರೂಮ್ ಹುಡುಕೋದು ಬಹಳ ಕಷ್ಟ ಆಯ್ತು, ಅದಕ್ಕೆ ಬುಕ್ ಮಾಡೋ ಮುಂಚೆನೇ ಮೆಸೇಜ್ ಹಾಕಿ ಕೇಳಿಬಿಡಿ.

ಜಿಂಗ್‌ಹಾಂಗ್‌ನಲ್ಲಿ ಇಳಿದ ತಕ್ಷಣ ಬೋರ್ಡುಗಳನ್ನ ನೋಡಿ. ಚೀನೀ ಅಕ್ಷರದ ಜೊತೆಗೆ ದುಂಡು ದುಂಡಾಗಿ ಇನ್ನೊಂದು ಲಿಪಿ ಇರುತ್ತೆ, ಅದು ದಾಯ್. ಅದರ ಮೂಲನೂ ನಮ್ಮ ಕನ್ನಡದ ಹಾಗೆ ಬ್ರಾಹ್ಮಿಯೇ. ದೇವಸ್ಥಾನದಲ್ಲಿ ಒಬ್ಬ ಚಿಕ್ಕ ಭಿಕ್ಕು ಹತ್ರ ಅಕ್ಷರ ಓದಿಸ್ದೆ, ಕ, ಖ, ಙ ಅಂತ ಶುರು ಮಾಡಿ ತ, ಥ, ನ, ಆಮೇಲೆ ಪ, ಫ, ಮ ಅಂತ ಬಂದ, ಅಮ್ಮ ನಡುವೆ ಸೇರ್ಕೊಂಡು ಅವನ ಜೊತೆ ಹೇಳಕ್ಕೆ ಶುರು ಮಾಡಿದ್ರು. ನನಗೆ ಮೈ ಜುಂ ಅಂತು. ಬೋರ್ಡಲ್ಲಿರೋದು 1950ರ ದಶಕದಲ್ಲಿ ಸರಳ ಮಾಡಿದ ಹೊಸ ಲಿಪಿ, ದೇವಸ್ಥಾನದ ಗ್ರಂಥಗಳಲ್ಲಿ ಇರೋದು ಹಳೇದು.

ಊರಿನ ಹೆಸರು ಓದೋಕೆ ಒಂದು ಕೀಲಿ ಹೇಳ್ತೀನಿ: ಹೆಸರು ಮಾನ್ ಅಂತ ಶುರುವಾದ್ರೆ ಹಳ್ಳಿ, ಮಂಗ್ ಅಂದ್ರೆ ಸೀಮೆ, ಜಿಂಗ್ ಅಂದ್ರೆ ಪಟ್ಟಣ. ಸಿಶ್ವಾಂಗ್‌ಬನ್ನಾ ಅನ್ನೋದೇ ದಾಯ್ ಭಾಷೆಯ ಸಿಪ್‌ಸೋಂಗ್ ಪನ್ನಾ, ಹನ್ನೆರಡು ಸಾವಿರ ಗದ್ದೆ. ಇದು ಗೊತ್ತಿದ್ರೆ ಬಸ್ಸಿನ ಬೋರ್ಡು ನೋಡ್ತಾ ಕೂತ್ಕೊಂಡ್ರೂ ಹೊತ್ತು ಹೋಗುತ್ತೆ.

ರಾತ್ರಿ ಮಾರ್ಕೆಟ್ಟಿಗೆ ಒಂದು ಸಂಜೆ ಸಾಕು. ನಿಜವಾಗ್ಲೂ ಟೈಮ್ ಕೊಡಬೇಕಾಗಿರೋದು ಮಂಗ್‌ಹಾನ್ ಕಡೆ, ಲಾನ್‌ಚಾಂಗ್ ಅಂದ್ರೆ ನಮಗೆ ಗೊತ್ತಿರೋ ಮೆಕಾಂಗ್ ಹೊಳೆ ಪಕ್ಕ ಸುಮಾರು 30 ಕಿ.ಮೀ. ಹೋದ್ರೆ ಸಿಗೋ ದಾಯ್ ಹಳ್ಳಿಗಳು. ಟಿಕೆಟ್ ಇದೆ, ಶೋ ಇದೆ, ಅದನ್ನ ಬಿಟ್ಟು ಹಿಂದಿನ ಓಣಿಗಳಲ್ಲಿ ನಡೀರಿ. ಅಲ್ಲೊಬ್ರು ಅಜ್ಜ ತಾಳೆಗರಿ ಮೇಲೆ ಕಬ್ಬಿಣದ ಕಂಟದಲ್ಲಿ ಬರೀತಿದ್ರು. ಮೊದಲು ಬರೀ ಗೀರು, ಏನೂ ಕಾಣಲ್ಲ, ಆಮೇಲೆ ಎಣ್ಣೆ ಕಲಸಿದ ಮಸಿ ಬಳಿದು ಬಟ್ಟೇಲಿ ಒರೆಸಿದ್ರು ನೋಡಿ, ಕಪ್ಪಗೆ ಅಕ್ಷರ ಎದ್ದು ನಿಂತ್ವು. ಅಮ್ಮ "ಇದು ಪುತ್ತೂರಲ್ಲಿ ಅಜ್ಜನ ಮನೆ ಅಟ್ಟದಲ್ಲಿ ಇತ್ತಲ್ಲ, ಓಲೆಗರಿ" ಅಂತ ಎರಡು ಸಲ ಹೇಳಿದ್ರು. ಚೀನೀಲಿ ಇದಕ್ಕೆ ಬೇಯ್‌ಯೆ ಅಂತಾರೆ, ಆ ಬೇಯ್ ಬಂದಿದ್ದು ಸಂಸ್ಕೃತದ ಪತ್ರದಿಂದ. ಅಜ್ಜನ ಮೊಮ್ಮಗಳು ಮಾತ್ರ ಪೂರ್ತಿ ಮ್ಯಾಂಡರಿನ್‌ನಲ್ಲೇ ಮಾತಾಡ್ತಿದ್ಲು, ಅಜ್ಜ ದಾಯ್‌ನಲ್ಲಿ ಕೇಳಿದ್ರೂ ಉತ್ತರ ಮ್ಯಾಂಡರಿನ್‌ನಲ್ಲೇ. ಬೆಂಗಳೂರಲ್ಲಿ ಮಕ್ಕಳನ್ನ ಸಾಕ್ತಿರೋ ನನಗೆ ಅದು ಹೊಟ್ಟೆಯಲ್ಲಿ ಚುಚ್ಚಿದ ಹಾಗಾಯ್ತು.

ಊಟ ವೆಜ್ ಆದ್ರೆ "ವೋ ಚ್ರ್ ಸು" ಅನ್ನಿ, ಹಂದಿ ಕೊಬ್ಬು ಬೇಡ ಅಂತ ಚೀನೀಲಿ ಬರೆಸಿದ ಚೀಟಿನೂ ಇರ್ಲಿ, ಸೊಪ್ಪಿನ ಪಲ್ಯಕ್ಕೂ ಅದನ್ನ ಹಾಕ್ತಾರೆ. ಅನಾನಸ್ ಒಳಗೆ ಬೇಯಿಸಿದ ನೇರಳೆ ಅಂಟಕ್ಕಿ ಅನ್ನ, ಬಿದಿರಲ್ಲಿ ಸುಟ್ಟ ಅನ್ನ ಎರಡೂ ತಿನ್ನಿ, ಬಾಳೆಎಲೆಯಲ್ಲಿ ಸುತ್ತಿ ಕೆಂಡದ ಮೇಲೆ ಸುಡೋದ್ರಲ್ಲಿ ಒಳಗೆ ಏನಿದೆ ಅಂತ ಕೇಳಿ ತಗೊಳ್ಳಿ.

ನೀರೆರಚೋ ಹಬ್ಬ ಏಪ್ರಿಲ್ 13ರಿಂದ 15, ಅದು ದಾಯ್ ಜನರ ಹೊಸ ವರ್ಷ, ನಮ್ಮ ತುಳುನಾಡಿನ ಬಿಸು ಬರೋ ಹೊತ್ತಿಗೇ. ಆಗ ರೂಮಿನ ರೇಟು ಏರುತ್ತೆ, ಬಿಸಿಲು, ಕಾಡು ಸುಟ್ಟ ಹೊಗೆ ಬೇರೆ. ವಯಸ್ಸಾದವರ ಜೊತೆ ಹೋಗೋದಾದ್ರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೇದು.

ಒಂದು ಮಾತು ಕಲಿತು ಹೋಗಿ, "ಯಿನ್ ದೀ", ಥ್ಯಾಂಕ್ಸ್ ಅಂತ. ಕೊನೇ ದಿನ ಬೆಳಗ್ಗೆ ಸಂತೇಲಿ ಬಿದಿರಲ್ಲಿ ಸುಟ್ಟ ಅನ್ನ ಮಾರೋ ಅಜ್ಜಿಗೆ ಅಮ್ಮ ಈ ಮಾತು ಹೇಳಿದ್ರು, ಆ ಅಜ್ಜಿ ಮುಖ ಅರಳಿಸ್ಕೊಂಡು ದಾಯ್‌ನಲ್ಲಿ ಏನೇನೋ ಮಾತಾಡ್ತಾ ಇನ್ನೊಂದು ಕೊಳವೆ ಚೀಲಕ್ಕೆ ಹಾಕಿದ್ರು, ದುಡ್ಡು ಕೊಟ್ರೆ ತಗೊಳ್ಳಲಿಲ್ಲ. ವಾಪಸ್ ಟ್ರೈನಲ್ಲಿ ಅದೇ ನಮ್ಮ ಮಧ್ಯಾಹ್ನದ ಊಟ.