ಭಾಗವತರು ಬಲಗಡೆ ಸರಿದು ಕೂತರು

ಗಿರಿನಗರದ ಚಿಕ್ಕಪ್ಪನಿಗೆ ಫೋನಿನಲ್ಲಿ ಯಕ್ಷಗಾನ ನೋಡುವುದು ಒಗ್ಗುವುದೇ ಇಲ್ಲ. "ಅದರಲ್ಲಿ ಚೆಂಡೆ ಅಂದ್ರೆ ತಟ್ಟೆ ಬಡಿದ ಹಾಗೆ ಕೇಳ್ತದೆ ಮಾರಾಯ, ಡಿವಿಡಿ ಮಾಡಿಕೊಡು" ಅಂತ ಹಟ. ಅವರ ಹಾಲಿನಲ್ಲಿ ಹಳೇ ಪ್ಲೇಯರ್, ಐದು ಸ್ಪೀಕರ್, ಒಂದು ಸಬ್‌ವೂಫರ್ ಇನ್ನೂ ಗಟ್ಟಿಯಾಗಿವೆ. ರವೀಂದ್ರ ಕಲಾಕ್ಷೇತ್ರದಲ್ಲಿ ನಾನೇ ರೆಕಾರ್ಡ್ ಮಾಡಿದ್ದ ಎರಡು ಗಂಟೆಯ ಆಟವೊಂದು ನನ್ನ ಹತ್ತಿರ ಇತ್ತು. ಭಾಗವತರಿಗೊಂದು ಮೈಕ್, ಮದ್ದಳೆಗೊಂದು, ಚೆಂಡೆಗೊಂದು, ವೇದಿಕೆಯ ಅಂಚಿನಲ್ಲಿ ಎರಡು, ಸಭೆಯ ನಡುವೆ ಎರಡು. ಸ್ಟೀರಿಯೋ ಸಾಕಾಗಿತ್ತು. ನನಗೆ ಐದು ಸ್ಪೀಕರಿಗೂ ಸಬ್‌ವೂಫರಿಗೂ ಬೇರೆಬೇರೆ ಶಬ್ದ ಕೊಡುವ 5.1ರ ಹುಚ್ಚು ಹಿಡಿಯಿತು.

ಮೊದಲ ತೊಡಕು ಸಭೆಯ ಮೈಕುಗಳದ್ದು. ವೇದಿಕೆಯಿಂದ ಸುಮಾರು 15 ಮೀಟರ್ ದೂರ ಇಟ್ಟಿದ್ದೆ. ಅಷ್ಟು ದೂರ ಬರಲು ಶಬ್ದಕ್ಕೆ 44 ಮಿಲಿಸೆಕೆಂಡ್ ಬೇಕು. ಹಿಂದಿನ ಸ್ಪೀಕರಿಗೆ ಹಾಗೇ ಹಾಕಿದರೆ ಚೆಂಡೆಯ ಒಂದೊಂದು ಪೆಟ್ಟೂ ಎರಡೆರಡಾಗಿ ಕೇಳುತ್ತಿತ್ತು. ಆ ಎರಡು ಟ್ರ್ಯಾಕನ್ನು ಮುಂದಕ್ಕೆಳೆದು 20 ಮಿಲಿಸೆಕೆಂಡಿನಷ್ಟು ಮಾತ್ರ ತಡ ಉಳಿಸಿದೆ. ಪೆಟ್ಟು ಮುಂದೆಯೇ ನಿಂತಿತು, ಸಭಾಂಗಣ ಹಿಂದೆ ಹರಡಿಕೊಂಡಿತು.

ಸಬ್‌ವೂಫರಿಗೆ ಚೆಂಡೆ ಹಾಕಲು ಹೋಗಿ ಸುಮ್ಮನಾದೆ. ಚೆಂಡೆಯ ಜೀವ ಇರುವುದೇ ಮೇಲಿನ ಸ್ವರದಲ್ಲಿ. ಸಬ್‌ವೂಫರಿನ ಚಾನೆಲ್ಲಿಗೆ ಇರುವುದು 120 ಹರ್ಟ್ಸ್‌ವರೆಗಿನ ತಗ್ಗು ಸ್ವರಗಳ ಜಾಗ. ಅಲ್ಲಿಗೆ ವೇಷಧಾರಿ ಧೀಂಗಿಣ ಹಾಕಿದಾಗ ಹಲಗೆ ಗುಡುಗುತ್ತದಲ್ಲ, ಅದನ್ನಷ್ಟೇ ಕೊಟ್ಟೆ, ಅದೂ ಮುಂದಿನ ಸ್ಪೀಕರುಗಳಲ್ಲಿ ಇರುವುದರ ಜೊತೆಗೆ. ಎರಡೇ ಸ್ಪೀಕರಿರುವ ಟಿವಿಗೆ ಇಳಿಸುವಾಗ ಪ್ಲೇಯರ್ ಆ ಚಾನೆಲ್ಲನ್ನು ಬಿಟ್ಟೇಬಿಡುತ್ತದೆ. ಅಲ್ಲಿ ಮಾತ್ರ ಇಟ್ಟದ್ದು ಆ ಟಿವಿಗೆ ಇಲ್ಲವೇ ಇಲ್ಲ.

ರೆಕಾರ್ಡಿಂಗು 44.1 ಕಿಲೋಹರ್ಟ್ಸಿನದು (ಸೆಕೆಂಡಿಗೆ ಶಬ್ದವನ್ನು ಅಷ್ಟು ಸಾವಿರ ಸಲ ಅಳೆದದ್ದು), ಡಿವಿಡಿ ವಿಡಿಯೋಗೆ 48 ಬೇಕು, ಬದಲಾಯಿಸಿದೆ. ಆಮೇಲೆ ಎನ್‌ಕೋಡರ್ ಎಂಬ ತಂತ್ರಾಂಶದಿಂದ ಆರೂ ಚಾನೆಲ್ಲನ್ನು ಕುಗ್ಗಿಸಿ ಒಂದೇ ಫೈಲು ಮಾಡುವ ಡಾಲ್ಬಿ ಡಿಜಿಟಲ್, ಸೆಕೆಂಡಿಗೆ 448 ಕಿಲೋಬಿಟ್. ಡಿವಿಡಿಯಲ್ಲಿ ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಎರಡು ಗಂಟೆಗೆ ಆರು ಚಾನೆಲ್ ಸೇರಿ 400 ಎಂಬಿ ಚಿಲ್ಲರೆ. ಕುಗ್ಗಿಸದ 16 ಬಿಟ್ಟಿನ ಬರೀ ಸ್ಟೀರಿಯೋ ಇಟ್ಟಿದ್ದರೆ 1.4 ಜಿಬಿ ಹತ್ತಿರ ಹೋಗುತ್ತಿತ್ತು. 4.7 ಜಿಬಿಯ ಡಿಸ್ಕಿನಲ್ಲಿ ಉಳಿದ ಜಾಗವೆಲ್ಲ ಚಿತ್ರಕ್ಕೆ.

ಎಸ್‌.ಪಿ. ರಸ್ತೆಯಿಂದ ತಂದ ಖಾಲಿ ಡಿಸ್ಕುಗಳಲ್ಲಿ ಮೊದಲನೆಯದನ್ನು ಬರೆದು ಗಿರಿನಗರಕ್ಕೆ ಒಯ್ದೆ. ಪ್ಲೇ ಒತ್ತಿದರೆ ನಡುವಿನ ಸ್ಪೀಕರಿನಲ್ಲಿ ಕೂರಿಸಿದ್ದ ಭಾಗವತರು ಬಲಗಡೆಯ ಸ್ಪೀಕರಿನಿಂದ ಹಾಡುತ್ತಿದ್ದಾರೆ! ಹಲಗೆಯ ಗುಡುಗು ಹಿಂದೆ, ಬಲಮೂಲೆಯ ಹೂಕುಂಡದಿಂದ. ಸಬ್‌ವೂಫರಿನಲ್ಲಿ ಸಭೆಯ ಗುಜುಗುಜು. ಚಿಕ್ಕಪ್ಪ ನನ್ನ ಮುಖ ನೋಡಿ, "ಭಾಗವತರಿಗೆ ಜಾಗ ಸಾಲಲಿಲ್ವಾ?" ಅಂದರು.

ತಪ್ಪು ನನ್ನದೇ. ನಾನು ಫೈಲು ತೆಗೆದದ್ದು ಸಿನಿಮಾದವರ ಕ್ರಮದಲ್ಲಿ: ಎಡ, ನಡು, ಬಲ, ಹಿಂದಿನ ಎಡ, ಹಿಂದಿನ ಬಲ, ಕೊನೆಗೆ ಸಬ್. ಎನ್‌ಕೋಡರ್ ಕಾಯುತ್ತಿದ್ದದ್ದು ವೇವ್ ಫೈಲಿನ ಕ್ರಮಕ್ಕೆ: ಎಡ, ಬಲ, ನಡು, ಸಬ್, ಆಮೇಲೆ ಹಿಂದಿನವೆರಡು. ಮೊದಲನೆಯದೊಂದನ್ನು ಬಿಟ್ಟು ಎಲ್ಲರ ಕುರ್ಚಿಯೂ ಅದಲುಬದಲು. ಎನ್‌ಕೋಡರ್ ತುಟಿಪಿಟಕ್ಕೆನ್ನಲಿಲ್ಲ, ಅದಕ್ಕೆ ಭಾಗವತರು ಯಾರೆಂದು ಏನು ಗೊತ್ತು? ಈಗ ಮಿಕ್ಸ್ ಮುಟ್ಟುವ ಮೊದಲೇ "ಎಡ", "ನಡು", "ಬಲ" ಅಂತ ನನ್ನ ದನಿಯಲ್ಲೇ ಒಂದೊಂದು ಚಾನೆಲ್ಲಿಗೆ ಹೇಳಿ, ಅಳಿಸಿ ಬರೆಯುವ ಡಿಸ್ಕಿನಲ್ಲಿ ಪರೀಕ್ಷಿಸುತ್ತೇನೆ.

ಎರಡನೆಯ ಡಿಸ್ಕಿನಲ್ಲಿ ಎಲ್ಲರೂ ತಂತಮ್ಮ ಜಾಗದಲ್ಲಿದ್ದರು, ಆದರೆ ಆಟವೇ ಸಪ್ಪೆ. ಡಯಲಾಗ್ ನಾರ್ಮಲೈಸೇಶನ್ ಎಂಬ ಅಂಕಿಯನ್ನು ಎನ್‌ಕೋಡರ್ ತಾನೇ ಹಾಕಿಕೊಂಡ -27ರಲ್ಲೇ ಬಿಟ್ಟಿದ್ದೆ. ಆಗ ಪ್ಲೇಯರ್ 4 ಡೆಸಿಬೆಲ್ ತಗ್ಗಿಸುತ್ತದೆ. -31 ಇಟ್ಟರೆ ಮುಟ್ಟುವುದಿಲ್ಲ. ಬೇರೆಬೇರೆ ಸಿನಿಮಾಗಳ ಮಾತು ಒಂದೇ ಮಟ್ಟದಲ್ಲಿ ಕೇಳಲೆಂದು ಮಾಡಿದ ಏರ್ಪಾಡು ಅದು, ಒಳ್ಳೆಯದೇ. ಇದರ ಜೊತೆ ಸಿನಿಮಾಕ್ಕೆಂದು ಮಾಡಿದ, ಸದ್ದಿನ ಏರಿಳಿತವನ್ನು ಕಡಿಮೆ ಮಾಡುವ ಕಂಪ್ರೆಶನ್ ಬೇರೆ ಚಾಲೂ ಇತ್ತು. ವಿಳಂಬದ ಪದ ಮುಗಿದು ಚೆಂಡೆ ಎದ್ದು ಬರುವಾಗ ಮೈ ಜುಮ್ಮೆನ್ನಬೇಕಾದ ಕಡೆ ಅದು ಚೆಂಡೆಯ ತಲೆಯನ್ನೇ ಅದುಮಿತ್ತು. ಅಂಕಿಯನ್ನು -31 ಮಾಡಿ, ಕಂಪ್ರೆಶನ್ ತೆಗೆದೆ.

ಮೂರನೆಯ ಡಿಸ್ಕ್ ಹಾಕಿದ ಸಂಜೆ ಚಿಕ್ಕಪ್ಪ ಅರ್ಧ ಗಂಟೆ ಮಾತಾಡಲಿಲ್ಲ. ನಡುವೆ ಒಮ್ಮೆ ಥಟ್ಟನೆ ಹಿಂದೆ ತಿರುಗಿ ನೋಡಿದರು.

"ಯಾರೋ ಕೆಮ್ಮಿದ್ರಲ್ಲ?"

"ಸಭೆಯಲ್ಲಿ ಚಿಕ್ಕಪ್ಪ. ಬೇಡ ಅಂದ್ರೆ ತೆಗೀತೀನಿ."

"ತೆಗೀಬೇಡ. ಅವತ್ತು ನಾನೂ ಬಂದಿದ್ದೆ, ನೆಗಡಿ ಬೇರೆ ಆಗಿತ್ತು. ನಾನೇ ಇರಬೇಕು."